ಎಡಕ್ಕೆ ನಡೆಯುವವನು

ತೊಮೇಜಿ ಸತ್ತ ಸುದ್ದಿಯನ್ನು ಎದೊ ಪಟ್ಟಣಕ್ಕೆ ತಂದವನು ಊರೂರು ಅಲೆದು ಔಷಧಿ ಮಾರುವ ಒಬ್ಬ ಮುದುಕ. ಶಿರಾಕಾವಾದ ತಂಗುಮನೆಯಲ್ಲಿ ಮಳೆಗೆ ಸಿಕ್ಕಿ ಇಬ್ಬರೂ ಒಂದೇ ಕೋಣೆಯಲ್ಲಿ ಉಳಿದಿದ್ದರಂತೆ. ತೊಮೇಜಿಗೆ ಜ್ವರ ಏರಿತು, ಇಳಿಯಲಿಲ್ಲ. ಮುದುಕ ತನ್ನ ಗಂಟಿನಲ್ಲಿದ್ದ ಬೇರು, ಪುಡಿ ಎಲ್ಲವನ್ನೂ ಕೊಟ್ಟು ನೋಡಿದನಂತೆ. ಅವನ ಔಷಧಿ ಎಷ್ಟರಮಟ್ಟಿನದೋ ನಾನರಿಯೆ, ಆದರೆ ಅಷ್ಟು ದೂರ ನಡೆದು ಬಂದು ವಿಷಯ ಮುಟ್ಟಿಸಿದವನನ್ನು ಬೈಯುವುದು ತರವಲ್ಲ. ಅಲ್ಲಿಯ ಗುಡಿಯ ಹಿಂದೆಯೇ ಮಣ್ಣು ಮಾಡಿದರು. ಮುದುಕ ತೊಮೇಜಿಯ ಹೆಂಡತಿ ರಿಕುವಿನ ಕೈಗೆ ಎರಡು ವಸ್ತು ಕೊಟ್ಟು ಹೋದ: ಕಾಗದದಲ್ಲಿ ಮಡಿಸಿದ ಸತ್ತವನ ಒಂದು ಎಳೆ ಕೂದಲು, ಬಿದಿರಿನ ಕೊಳವೆಯಲ್ಲಿ ಸುರುಳಿ ಸುತ್ತಿದ ಒಂದು ಚಿತ್ರ.

ಆ ಚಿತ್ರ ನನ್ನ ಕೈ ಸೇರಬೇಕಾದದ್ದು. ನಾನು ಹಿಕೊಜಿ, ಹಲಗೆ ಕೆತ್ತುವವನು. ತೊಮೇಜಿ ಬರೆಯುತ್ತಿದ್ದ, ನಾನು ಅದನ್ನು ಚೆರ್ರಿ ಮರದ ಹಲಗೆಯಲ್ಲಿ ಕೆತ್ತುತ್ತಿದ್ದೆ, ಅಚ್ಚಿನವರು ಬಣ್ಣ ಹಚ್ಚಿ ಕಾಗದಕ್ಕೆ ಒತ್ತುತ್ತಿದ್ದರು, ಸೊಬೇ ಧಣಿ ಅಂಗಡಿಯಲ್ಲಿ ತೂಗುಹಾಕಿ ಮಾರುತ್ತಿದ್ದ. ಹೆಸರು ಮಾತ್ರ ತೊಮೇಜಿಯದು. ಇರಲಿ, ಅದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ. ಚಳಿಯಲ್ಲಿ ಕಾಲು ನೆನೆಸಿಕೊಂಡು ಬೆಟ್ಟ ಹತ್ತಿದವನು ಅವನು. ನಾನು ಎದೊ ಬಿಟ್ಟು ಹೋದವನೇ ಅಲ್ಲ. ನಾನು ನೋಡಿದ ಬೆಟ್ಟಗಳೆಲ್ಲ ನಾನೇ ಕೆತ್ತಿದವು.

ಉತ್ತರದ ದಾರಿಯ ಹನ್ನೆರಡು ನೋಟ ಎಂದು ಧಣಿ ಊರೆಲ್ಲ ಹೇಳಿಕೊಂಡು ಬಂದಿದ್ದ. ಹನ್ನೊಂದು ಆಗಲೇ ಹೊರಬಿದ್ದು ಜನ ಮೆಚ್ಚಿದ್ದರು. ನದಿ, ಹೊಗೆಯಾಡುವ ಬೆಟ್ಟ, ಹಿಮ ಬಿದ್ದ ಸೇತುವೆ, ಏನೇ ಇರಲಿ, ಪ್ರತಿಯೊಂದರಲ್ಲೂ ಒಂದು ಮೂಲೆಯಲ್ಲಿ ಒಬ್ಬ ದಾರಿಹೋಕ ಇರುತ್ತಿದ್ದ. ಬೆನ್ನಿಗೊಂದು ಗಂಟು, ತಲೆಗೆ ಹುಲ್ಲಿನ ಟೋಪಿ, ಕೊಕ್ಕರೆಯ ಹಾಗೆ ಮುಂದಕ್ಕೆ ಚಾಚಿದ ಕತ್ತು. ತೊಮೇಜಿ ನಡೆಯುತ್ತಿದ್ದುದೇ ಹಾಗೆ. ಬೀದಿಯ ಮಕ್ಕಳು ಅವನ ಹಿಂದೆ ಕತ್ತು ಚಾಚಿಕೊಂಡು ನಡೆದು ಅಣಕಿಸುತ್ತಿದ್ದವು.

ಆ ದಾರಿಹೋಕನ ಮುಖ ಯಾವಾಗಲೂ ಎಡಕ್ಕೆ. ನಮ್ಮ ಓದು ಬಲದಿಂದ ಎಡಕ್ಕೆ, ಸುರುಳಿ ಬಿಚ್ಚುವುದೂ ಬಲದಿಂದ ಎಡಕ್ಕೆ. ಹಾಗಾಗಿ ಬಲ ಎಂದರೆ ಮನೆ, ಎದೊ. ಎಡ ಎಂದರೆ ಮುಂದಿನ ಊರು, ದೂರ. ರಿಕು ಇದನ್ನು ಮೊದಲ ಚಿತ್ರದಿಂದಲೇ ಕಂಡಿದ್ದಳು. ಆ ವಸಂತದಲ್ಲಿ ಹನ್ನೆರಡನೆಯದಕ್ಕೆಂದು ತೊಮೇಜಿ ಹೊರಟು ನಿಂತಾಗ, ಹುಲ್ಲಿನ ಚಪ್ಪಲಿಯ ದಾರ ಕಟ್ಟಿಕೊಳ್ಳುತ್ತಿದ್ದವನ ಎದುರೇ ನನಗೆ ದೂರು ಹೇಳಿದಳು.

"ನೋಡಿ ಹಿಕೊಜಿ ಅಣ್ಣ, ಹನ್ನೊಂದು ಚಿತ್ರ ಬರೆದ್ರು. ಒಂದರಲ್ಲಾದ್ರೂ ಮನೆ ಕಡೆ ಬರೋನು ಇದ್ದಾನಾ? ಎಲ್ಲಾ ಹೋಗೋರೇ."

ತೊಮೇಜಿ ತಲೆ ಎತ್ತದೆ ನಕ್ಕ. "ಆಯ್ತು ಕಣೇ. ಹನ್ನೆರಡನೇದರಲ್ಲಿ ತಿರುಗಿಸ್ತೀನಿ. ಸಮಾಧಾನ ಆಯ್ತಾ?"

"ಬಾಯಿ ಮಾತಲ್ಲಿ ಹೇಳ್ಬೇಡಿ."

"ಬಿಸಿನೀರು ಕಾಯಿಸಿಟ್ಟಿರು. ಬಂದ ಕೂಡ್ಲೇ ಕಾಲು ತೊಳೆಯೋದು ನಿನ್ನ ಕೆಲಸ."

ದೂರದಿಂದ ಬಂದವನನ್ನು ಹೊಸ್ತಿಲಲ್ಲಿ ಕೂರಿಸಿ, ಮರದ ತೊಟ್ಟಿಯಲ್ಲಿ ಬಿಸಿನೀರಿಟ್ಟು ಕಾಲು ತೊಳೆಯುವುದು ನಮ್ಮ ಪದ್ಧತಿ. ದಾರಿಯ ಕೆಸರು ತೊಳೆದು ಹೋದ ಮೇಲೆಯೇ ಬಂದವನು ಬಂದ ಹಾಗೆ. ರಿಕು ಆ ತೊಟ್ಟಿಯನ್ನು ಬಾಗಿಲ ಪಕ್ಕ ಮಗುಚಿಟ್ಟಿದ್ದಳು. ಸುದ್ದಿ ಬಂದ ಮೇಲೂ ಅದು ಅಲ್ಲೇ ಇತ್ತು.

ಅದೊಂದೇ ಅಲ್ಲ. ಮನೆಯವರು ಪ್ರಯಾಣ ಹೋದಾಗ ಅವರ ಪಾಲಿನ ಊಟವನ್ನು ಅವರು ಕೂರುವ ಜಾಗದಲ್ಲಿ ಮಣೆಯ ಮೇಲೆ ಬಡಿಸಿಡುತ್ತೇವೆ. ದಾರಿಯಲ್ಲಿ ಹಸಿವು ಕಾಡದಿರಲಿ ಎಂದು. ಅನ್ನದ ಬಟ್ಟಲಿನ ಮುಚ್ಚಳ ತೆಗೆದಾಗ ಒಳಗೆ ನೀರಿನ ಹನಿ ಇದ್ದರೆ ಹೋದವರು ಕ್ಷೇಮ ಎಂದು ಲೆಕ್ಕ. ಬಿಸಿ ಅನ್ನದ ಮೇಲೆ ಮುಚ್ಚಿದ ಮುಚ್ಚಳ ಬೆವರದೆ ಇನ್ನೇನು ಮಾಡುತ್ತದೆ? ಈ ಮಾತನ್ನು ನಾನು ನನ್ನ ಹೆಂಡತಿ ಕುಮೆಯ ಎದುರು ಒಮ್ಮೆ ಆಡಿ ಚೆನ್ನಾಗಿ ಉಗಿಸಿಕೊಂಡಿದ್ದೇನೆ.

ತೊಮೇಜಿಯ ಸುದ್ದಿ ಬಂದ ಮೇಲೂ ರಿಕು ಮಣೆ ಹಾಕುವುದನ್ನು ಬಿಡಲಿಲ್ಲ. ಅನ್ನ, ಮಿಸೊ ಸಾರು, ಉಪ್ಪು ಹಾಕಿದ ಮೂಲಂಗಿ. ಮಣೆಯ ಹಿಂದೆ ಗೋಡೆಗೆ ಆ ಚಿತ್ರವನ್ನು ಒರಗಿಸಿಟ್ಟಿದ್ದಳು. ನಮ್ಮ ಗುಡಿಯ ಗುರುಗಳು ಸತ್ತವನಿಗೆ ಇಡುವ ಹೊಸ ಹೆಸರು ಬರೆದ ಫಲಕವನ್ನು ಸಿದ್ಧಮಾಡಿ ಹೇಳಿಕಳಿಸಿದರೂ ರಿಕು ಅದನ್ನು ಮನೆಗೆ ತರಲಿಲ್ಲ. ಫಲಕ ಮನೆಯ ಪೂಜೆಯ ಗೂಡು ಸೇರದಿದ್ದರೆ ಸತ್ತವನು ದಾರಿಯಲ್ಲೇ ಅಲೆಯುತ್ತಾನೆ ಎಂದು ಕೇರಿಯ ಮುದುಕಿಯರು ಹೆದರಿಸಿದರು. "ಅಲೀಲಿ ಬಿಡಿ, ಅವರಿಗೆ ಅಭ್ಯಾಸ" ಎಂದಳಂತೆ. ಕುಮೆ ಬಂದು ಇದನ್ನು ಹೇಳಿದಳು.

ನಾನು ನೋಡಲು ಹೋದಾಗ ರಿಕು ಆಗಷ್ಟೇ ಮಣೆ ತೆಗೆಯುತ್ತಿದ್ದಳು. ಮುಚ್ಚಳವನ್ನು ನನ್ನ ಕಡೆ ತಿರುಗಿಸಿ ತೋರಿಸಿದಳು. ಒಳಗೆಲ್ಲ ಹನಿ.

"ಅವರು ತೀರ್ಕೊಂಡ ದಿನಾನೂ ಹೀಗೇ ಇತ್ತು ಅಣ್ಣ. ಮುದುಕ ದಿನ ಹೇಳಿದ ಮೇಲೆ ಯೋಚನೆ ಮಾಡ್ದೆ. ಅವತ್ತು ಸಂಜೆ ಹನಿ ನೋಡಿ, ಸುಖವಾಗಿದ್ದಾರೆ ಅಂತ ನಾನು ಹೊಟ್ಟೆ ತುಂಬಾ ಊಟ ಮಾಡಿದ್ದೆ."

ಗೋಡೆಯ ಚಿತ್ರ ನೋಡುತ್ತ ಕೂತೆ. ಜೌಗು ಬಯಲಿನ ನಡುವೆ ನೇರ ಚಾಚಿದ ಏರಿ, ಅದರ ಉದ್ದಕ್ಕೂ ಗಾಳಿಗೆ ಬಾಗಿದ ಪೈನ್ ಮರಗಳ ಸಾಲು, ಹಿಂದೆ ಮಬ್ಬು ಬೆಟ್ಟ. ಏರಿಯ ಮೇಲೆ ಅದೇ ಮನುಷ್ಯ, ಅದೇ ಕತ್ತು. ಕೆತ್ತನೆಗೆ ಸಿದ್ಧವಾಗಿ ತೆಳು ಕಾಗದದ ಮೇಲೆ ಕಪ್ಪು ಗೆರೆಯಲ್ಲಿ ತಿದ್ದಿ ಬರೆದಿದ್ದ. ಜ್ವರದ ಕೈ ಎಂದು ಹೇಳುವ ಹಾಗೇ ಇರಲಿಲ್ಲ.

"ಎಡಕ್ಕೇ ಹೋಗ್ತಾ ಇದ್ದಾರೆ," ರಿಕು ಅಂದಳು. "ತಿರುಗಿಸ್ತೀನಿ ಅಂದಿದ್ರು. ನಿಮ್ಮೆದುರೇ ಅಂದಿದ್ರು."

ಸೊಬೇ ಧಣಿ ಕೆಟ್ಟವನಲ್ಲ, ಆದರೆ ಅವನ ನಾಲಿಗೆಗೂ ತಲೆಗೂ ಸಂಬಂಧ ಕಡಿಮೆ. ಊರೆಲ್ಲ ಹನ್ನೆರಡು ಎಂದು ಸಾರಿ ಹನ್ನೊಂದಕ್ಕೆ ನಿಲ್ಲಿಸಿದರೆ ಅವನಿಗೆ ಮುಖಭಂಗ. ಒಂದು ಬೆಳಿಗ್ಗೆ ನನ್ನನ್ನೂ ಎಳೆದುಕೊಂಡು ರಿಕುವಿನ ಮನೆಗೆ ಹೋದ. ಸಂತಾಪದ ಮಾತನ್ನು ಚೆನ್ನಾಗಿಯೇ ಆಡಿದ, ಆಮೇಲೆ ಚಿತ್ರ ಕೇಳಿದ.

ರಿಕು ನನ್ನ ಕಡೆ ತಿರುಗಿದಳು. "ಕೊಟ್ರೆ ವಾಪಸ್ ಬರುತ್ತಾ ಅಣ್ಣ?"

ಸುಳ್ಳು ಹೇಳಬಹುದಿತ್ತು. "ಬರಲ್ಲಮ್ಮ," ಅಂದೆ. "ಕಾಗದಾನ ಹಲಗೆಗೇ ಅಂಟಿಸಿ, ಅದರ ಮೇಲೇ ಕೆತ್ತಬೇಕು. ಕೆತ್ತಿದ ಮೇಲೆ ಕಾಗದ ಅನ್ನೋದು ಇರಲ್ಲ. ಹಿಂದಿನ ಹನ್ನೊಂದೂ ಹಾಗೇ ಹೋದವು."

"ಹಾಗಾದ್ರೆ ಕೊಡಲ್ಲ."

ಅವಳ ಬಳಿ ಇದ್ದ, ತೊಮೇಜಿಯ ಕೈ ಮುಟ್ಟಿದ ಕೊನೆಯ ವಸ್ತು ಅದು. ನಾನಾಗಿದ್ದರೂ ಕೊಡುತ್ತಿರಲಿಲ್ಲ. ಆದರೆ ಧಣಿ ಸುಮ್ಮನೆ ಏಳುವವನಲ್ಲ. ನಕಲು ತೆಗೆಸೋಣ ಎಂದ. ತೊಮೇಜಿಯ ಶಿಷ್ಯನೊಬ್ಬನಿದ್ದ, ನಲವತ್ತು ದಾಟಿದವನು, ಗುರುವಿನ ಕೈಯನ್ನು ಹೋಲುವ ಕೈ. ಅವನು ರಿಕುವಿನ ಮನೆಯಲ್ಲೇ ಕೂತು, ಮೂಲದ ಮೇಲೆ ತೆಳು ಕಾಗದ ಹಾಸಿ, ಉಸಿರು ಬಿಗಿಹಿಡಿದು ಗೆರೆ ಎಳೆದ. ಮರ, ಏರಿ, ಬೆಟ್ಟ ಎಲ್ಲ ಅಲ್ಲಲ್ಲೇ ಇದ್ದವು. ಮನುಷ್ಯನೂ ಅಲ್ಲೇ ಇದ್ದ. ಆದರೆ ನಡೆಯುತ್ತಿರಲಿಲ್ಲ, ನಿಂತಿದ್ದ. ಕತ್ತು ಚಾಚಿತ್ತು, ಮಾತು ಕೇಳಿಸದ ಮುದುಕ ಚಾಚುವ ಹಾಗೆ.

ರಿಕು ಬಹಳ ಹೊತ್ತು ನೋಡಿದಳು. "ಇದ್ಯಾರು?" ಅಂದಳು.

ಶಿಷ್ಯ ತಲೆ ತಗ್ಗಿಸಿದ. ಪಾಪ, ತಪ್ಪು ಅವನದಲ್ಲ. ಹೆದರಿಕೊಂಡು ಎಳೆದ ಗೆರೆ ನಡೆಯುವುದಿಲ್ಲ, ಅಷ್ಟೇ. ರಿಕು ಅವನಿಗೆ ಚಹಾ ಕೊಟ್ಟು, ನಕಲನ್ನು ಮಡಿಸಿ ಅಗ್ಗಿಷ್ಟಿಕೆಯ ಕೆಂಡಕ್ಕೆ ಹಾಕಿದಳು.

ಇದನ್ನೆಲ್ಲ ಕೂತು ನೋಡುತ್ತಿದ್ದ ಧಣಿಯ ತಾಳ್ಮೆ ತಪ್ಪಿತು. "ನೋಡು ತಾಯಿ, ಮಾತು ಕೊಟ್ಟಿದ್ದೀನಿ. ಹೊಸ ವರ್ಷಕ್ಕೆ ಹನ್ನೆರಡು ಆಗಲೇಬೇಕು. ನೀನು ಕೊಡಲ್ಲ ಅಂದ್ರೆ ಬೇರೆ ಯಾರ ಕೈಲಾದ್ರೂ ಬರೆಸಿ ತೊಮೇಜಿ ಹೆಸರು ಹಾಕಿಸ್ತೀನಿ. ಯಾರು ಶಿರಾಕಾವಾಕ್ಕೆ ಹೋಗಿ ನೋಡ್ಕೊಂಡು ಬರ್ತಾರೆ?"

"ಧಣೀ, ಅನ್ನ ತಿನ್ನೋ ಬಾಯಲ್ಲಿ ಆಡೋ ಮಾತಾ ಇದು?" ನಾನು ರೇಗಿದೆ. "ಬೇರೆಯವನು ಬರೆದದ್ದನ್ನ ಕೆತ್ತೋಕೆ ಬೇರೆಯವನನ್ನೇ ನೋಡ್ಕೋ."

"ನೋಡ್ಕೋತೀನಿ. ಎದೊದಲ್ಲಿ ಕೆತ್ತೋರಿಗೇನು ಬರವಾ?"

ಬರವಿರಲಿಲ್ಲ. ಅದು ಅವನಿಗೂ ಗೊತ್ತು, ನನಗೂ ಗೊತ್ತು, ರಿಕುವಿಗೂ ಗೊತ್ತು. ಧಣಿ ಎದ್ದು ಹೋದ. ಅವಳಿಗೆ ಅತ್ತ ದರಿ, ಇತ್ತ ಪುಲಿ. ಚಿತ್ರ ಉಳಿಸಿಕೊಂಡರೆ ಆ ಊರನ್ನೇ ಕಾಣದ ಯಾವನೋ ಬರೆದ ಹುಸಿ ದಾರಿಯಲ್ಲಿ ಗಂಡನ ಹೆಸರು ನಿಲ್ಲುತ್ತದೆ. ಕೊಟ್ಟರೆ ಅವನ ಕೈ ತಾಗಿದ ಕಾಗದ ನನ್ನ ಚೂರಿಗೆ ಪುಡಿಯಾಗುತ್ತದೆ.

ಮೊದಲ ಹಿಮ ಬಿದ್ದ ಬೆಳಿಗ್ಗೆ ಅವಳು ನಮ್ಮ ಮನೆಗೆ ಬಂದಳು. ಕೈಯಲ್ಲಿ ಬಿದಿರಿನ ಕೊಳವೆ.

"ಸುಳ್ಳು ದಾರೀಲಿ ಅವರನ್ನ ನಡೆಸೋದು ಬೇಡ ಅಣ್ಣ," ಅಂದಳು. "ಆದ್ರೆ ನೀವು ಕೆತ್ತೋದನ್ನ ನಾನು ಕೂತು ನೋಡ್ತೀನಿ. ಅವರ ಕೊನೇ ಗಳಿಗೇಲಿ ಹತ್ರ ಇರಲಿಲ್ಲ. ಇದಕ್ಕಾದ್ರೂ ಇರ್ತೀನಿ."

ಕೆತ್ತುವಾಗ ಯಾರಾದರೂ ಪಕ್ಕದಲ್ಲಿ ಕೂತರೆ ನನಗೆ ಮೈ ಉರಿಯುತ್ತದೆ. ಕುಮೆಗೂ ಅಲ್ಲಿ ಪ್ರವೇಶವಿಲ್ಲ. ಅವತ್ತು ಮಾತ್ರ ನಾನೇ ಚಾಪೆ ಎಳೆದುಹಾಕಿದೆ. ಒಳಗಿನಿಂದ ಕುಮೆ, "ಮೂವತ್ತು ವರ್ಷದಲ್ಲಿ ನನಗೊಂದು ದಿನ ಚಾಪೆ ಹಾಕಿದೋರಲ್ಲ" ಎಂದು ಗೊಣಗಿದ್ದು ಕೇಳಿಸಿತು. ಆಮೇಲೆ ಅವಳೇ ರಿಕುವಿನ ಕಾಲಿಗೆ ದಪ್ಪ ಹೊದಿಕೆ ತಂದು ಹೊದಿಸಿದಳು.

ಹಲಗೆಗೆ ತೆಳ್ಳಗೆ ಅಂಟು ಸವರಿದೆ. ಕಾಗದವನ್ನು ಎತ್ತಿ ಚಿತ್ರ ಕೆಳಮುಖವಾಗುವಂತೆ ಮಗುಚಿ ಹಾಸಿದೆ. ಅಂಗೈಯಿಂದ ಒತ್ತಿ, ಒಣಗಲು ಬಿಟ್ಟು, ಬೆರಳ ತುದಿ ಒದ್ದೆ ಮಾಡಿ ಕಾಗದದ ಹಿಂಬದಿಯನ್ನು ಮೆಲ್ಲಗೆ ಉಜ್ಜಿ ಉದುರಿಸಿದೆ. ಉಳಿದದ್ದು ಈರುಳ್ಳಿ ಪೊರೆಯಷ್ಟು ತೆಳು. ಅದಕ್ಕೆ ಒಂದು ತೊಟ್ಟು ಎಣ್ಣೆ ಸವರಿದ ಕೂಡಲೇ ಒಳಗಿನ ಗೆರೆಗಳು ಒಂದೊಂದಾಗಿ ಮೇಲೆದ್ದವು. ಬೆಟ್ಟ, ಪೈನ್ ಸಾಲು, ಏರಿ, ಮನುಷ್ಯ.

ರಿಕು ಮುಂದಕ್ಕೆ ಬಾಗಿದಳು. "ಅಣ್ಣಾ, ಇವರು ಯಾವ ಕಡೆ ಹೋಗ್ತಾ ಇದ್ದಾರೆ?"

"ಯಾವ ಕಡೆ ಅಂದ್ರೆ?"

"ಬಲಕ್ಕೆ ತಿರುಗಿದ್ದಾರೆ."

"ಕಾಗದ ಮಗುಚಿ ಅಂಟಿಸಿದ್ದೀನಲ್ಲಮ್ಮ. ಹಲಗೆ ಮೇಲೆ ಎಲ್ಲಾ ಹಿಂದುಮುಂದೇ. ಅಚ್ಚು ಒತ್ತಿದಾಗ ಮತ್ತೆ ಸರಿಹೋಗುತ್ತೆ."

ಅವಳಿಗೆ ನನ್ನ ಮಾತು ಕೇಳಿಸಿದಂತೆ ಕಾಣಲಿಲ್ಲ. "ಮನೆ ಕಡೆ ಬರ್ತಾ ಇದ್ದಾರೆ," ಅಂದಳು. ಹಲಗೆಯಿಂದ ಕಣ್ಣು ತೆಗೆಯದೆ ಕೇಳಿದಳು: "ಹಿಂದಿನ ಹನ್ನೊಂದೂ ಹೀಗೇನಾ?"

"ಹೂಂ."

"ನೀವು ನೋಡ್ತಾನೇ ಇದ್ರಿ."

"ನೋಡ್ತಾನೇ ಇದ್ದೆ."

"ಒಂದು ದಿನಾನೂ ನಂಗೆ ಹೇಳಲಿಲ್ಲವಲ್ಲ ಅಣ್ಣ."

ಹೇಳುವುದಕ್ಕೆ ನನಗೆ ಹೊಳೆದಿದ್ದರೆ ತಾನೆ! ಬಾಲ್ಯದಿಂದ ಹಲಗೆಯ ಮುಂದೆ ಕೂತವನಿಗೆ ಎಡ ಬಲ ಎನ್ನುವುದೇ ಮರೆತುಹೋಗಿರುತ್ತದೆ. ಬರೀ ಗೆರೆ ಕಾಣುತ್ತದೆ, ಗೆರೆಯ ದಪ್ಪ ಕಾಣುತ್ತದೆ. ಹನ್ನೊಂದು ಸಲ ತೊಮೇಜಿ ನನ್ನ ಮೊಣಕಾಲ ಮುಂದೆ ಮನೆಗೆ ನಡೆದು ಬಂದಿದ್ದ, ನಾನು ಅವನ ಟೋಪಿಯ ಹುಲ್ಲು ಸರಿಯಾಗಿ ಬಂತೇ ಎಂದು ನೋಡುತ್ತಿದ್ದೆ. ತಿರುಗಿಸುತ್ತೇನೆ ಎಂದವನು ಇದನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದನೇ? ನನಗೆ ನಂಬಿಕೆಯಿಲ್ಲ. ಮಾತು ಕೊಟ್ಟು ಮರೆಯುವುದು ಅವನ ಹುಟ್ಟುಗುಣ. ಆದರೆ ರಿಕುವಿಗೆ ಹಾಗೆಂದು ಹೇಳುವಷ್ಟು ಮೂರ್ಖ ನಾನಲ್ಲ.

ಚೂರಿ ಹಿಡಿದೆ. ಮೊದಲ ಗೀರು ಹಾಕಿದಾಗ ಕಾಗದದ ಚೂರು ಮರದ ಪುಡಿಯೊಡನೆ ಎದ್ದು ಬಂತು. ರಿಕು ತನ್ನ ತೋಳಿನ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡಳು.

ನಾನು ಕೈ ನಿಲ್ಲಿಸಿದೆ. "ಇಲ್ಲಿ ನೋಡಮ್ಮ. ಈ ಚೂರು ನೋಡು. ಇದರಲ್ಲಿ ಶಾಯಿ ಇದೆಯಾ?"

ಅವಳು ನೋಡಿ ತಲೆಯಾಡಿಸಿದಳು. ಇರಲಿಲ್ಲ.

"ಅವನು ಎಲ್ಲಿ ಮುಟ್ಟಿಲ್ವೋ ಅದನ್ನಷ್ಟೇ ನಾನು ತೆಗೆಯೋದು. ಅವನ ಕುಂಚ ಎಲ್ಲೆಲ್ಲಿ ಹೋಗಿದೆಯೋ ಅದು ಒಂದೂ ಬಿಡದೆ ಇಲ್ಲೇ ನಿಲ್ಲುತ್ತೆ. ನನ್ನ ಕೆಲಸ ಅಷ್ಟೇ."

ಇಷ್ಟು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ನಾನು ಆಡಿದ ಒಳ್ಳೆಯ ಮಾತು ಇದೊಂದೇ ಇರಬೇಕು. ಅವಳು ಬಟ್ಟೆಯನ್ನು ಬಾಯಿಂದ ತೆಗೆದಳು. ಆಮೇಲೆ ನಾನು ಏಳುವತನಕ ಅಲುಗಾಡದೆ ಕೂತಳು. ಮರುದಿನವೂ ಬಂದಳು, ಅದರ ಮರುದಿನವೂ. ಜೊಂಡು, ಪೈನ್ ಎಲೆಗಳು, ಬೆಟ್ಟದ ಅಂಚು ಮುಗಿದವು. ಮನುಷ್ಯನನ್ನು ಕಡೆಗೆ ಉಳಿಸಿಕೊಂಡೆ. ಅವನ ಕಾಲುಗಳು ಎರಡೇ ಗೆರೆ, ಅವಕ್ಕೆ ಮೆತ್ತಿದ ಕೆಸರು ನಾಲ್ಕಾರು ಚುಕ್ಕೆ. ಕತ್ತಿನ ಗೆರೆಯ ಸುತ್ತ ಚೂರಿ ತಿರುಗಿಸುವಾಗ ನನಗೂ ಕಣ್ಣು ಮಂಜಾಯಿತು. ಒರೆಸಿಕೊಂಡು ಮುಂದುವರಿಸಿದೆ. ಅವನ ಸ್ನೇಹಿತನಾಗಿ ಅಳುವುದಕ್ಕೆ ಅದು ಹೊತ್ತಲ್ಲ.

ಕೆತ್ತನೆ ಮುಗಿದಾಗ ಹಲಗೆಯ ಮೇಲೆ ಎದ್ದು ನಿಂತ ಪ್ರತಿ ಗೆರೆಯ ನೆತ್ತಿಯಲ್ಲೂ ಕಾಗದದ ಪೊರೆ, ಪೊರೆಯಲ್ಲಿ ತೊಮೇಜಿಯ ಶಾಯಿ ಹಾಗೇ ಅಂಟಿಕೊಂಡಿತ್ತು. ಅಚ್ಚಿಗೆ ಕೊಡುವ ಮೊದಲು ಅದನ್ನು ಬಿಸಿನೀರಲ್ಲಿ ತೊಳೆದು ಉಜ್ಜಬೇಕು. ಇಲ್ಲದಿದ್ದರೆ ಮಸಿ ಸರಿಯಾಗಿ ಹಿಡಿಯುವುದಿಲ್ಲ. ಈ ಮಾತನ್ನು ಹೇಳದೆ ವಿಧಿಯಿರಲಿಲ್ಲ, ಹೇಳಿದೆ.

"ನಾಳೆ ನಾನೇ ತೊಳೀತೀನಿ," ರಿಕು ಅಂದಳು. "ಅಲ್ಲಿವರೆಗೆ ಯಾರೂ ಮುಟ್ಟಬೇಡಿ."

ಮರುದಿನ ಹಿಮ ತುಳಿದುಕೊಂಡು ಬಂದಳು. ಅವಳ ತೋಳಲ್ಲಿ ಬಾಗಿಲ ಪಕ್ಕ ಮಗುಚಿಟ್ಟಿದ್ದ ಮರದ ತೊಟ್ಟಿ ಇತ್ತು. ಕುಮೆ ಅದನ್ನು ನೋಡಿದವಳೇ ಬಾಯಿ ಬಿಡದೆ ಒಳಗೆ ಹೋಗಿ ನೀರು ಕಾಯಿಸಿ ತಂದಳು. ರಿಕು ಕೈ ಅದ್ದಿ ಬಿಸಿ ನೋಡಿದಳು, ಸ್ವಲ್ಪ ತಣ್ಣೀರು ಬೆರೆಸಿದಳು, ಮತ್ತೆ ನೋಡಿದಳು. ಹಲಗೆಯನ್ನು ನಾನು ನಮ್ಮ ಹೊಸ್ತಿಲ ಮೇಲೆ ಇಟ್ಟೆ. ಅವಳು ಅದರ ಮುಂದೆ ನೆಲದಲ್ಲಿ ಮಂಡಿಯೂರಿದಳು.

"ಬಂದ್ರಾ," ಅಂದಳು. "ತುಂಬಾ ದೂರ ಆಯ್ತು ಅಲ್ವಾ?"

ಬೆರಳಿನಿಂದ ಮೊದಲು ಆ ಎರಡು ಗೆರೆಯ ಕಾಲುಗಳಿಗೆ ನೀರು ಹನಿಸಿದಳು. ಪೊರೆ ನೆನೆದು ಮೇಲೆದ್ದಿತು. ಮೆಲ್ಲಗೆ ಉಜ್ಜಿದಳು. ಕಾಲಿನ ಕೆಸರು ಹೋಯಿತು, ಗಂಟು ಹೋಯಿತು, ಟೋಪಿ ಹೋಯಿತು, ದಾರಿ ಹೋಯಿತು. ಶಾಯಿ ನೀರಲ್ಲಿ ಎಳೆ ಎಳೆಯಾಗಿ ಇಳಿದು ತೊಟ್ಟಿ ಸೇರಿತು. ಹಲಗೆಯ ಮೇಲೆ ಬರಿಯ ಮರದ ಬಣ್ಣದ ಮನುಷ್ಯ ಬಲಕ್ಕೆ ಮುಖ ಮಾಡಿ ಉಳಿದ. ಅವಳು ತನ್ನ ನಡುಪಟ್ಟಿಯಲ್ಲಿ ಸಿಕ್ಕಿಸಿದ್ದ ಶುಭ್ರ ಬಟ್ಟೆ ತೆಗೆದು ಒರೆಸಿದಳು. ಕುಮೆ ಬಾಗಿಲಿಗೆ ಮುಖ ಕೊಟ್ಟು ಬಿಕ್ಕಿ ಬಿಕ್ಕಿ ಅತ್ತಳು. ನಾನೂ ಅತ್ತೆ. ರಿಕು ಅಳಲಿಲ್ಲ. ಕಾಲು ತೊಳೆಯುವಾಗ ಅಳುವ ಹೆಂಗಸು ಯಾರು?

ತೊಟ್ಟಿಯ ನೀರನ್ನು ಅವಳು ಬೀದಿಗೆ ಚೆಲ್ಲಲಿಲ್ಲ. ನಮ್ಮ ಅಂಗಳದ ಗಿಡದ ಬುಡಕ್ಕೆ ಹುಯ್ದು, ಹಾಗೆಯೇ ಗುಡಿಗೆ ನಡೆದಳು.

ಹಲಗೆ ಅಚ್ಚಿಗೆ ಹೋಯಿತು. ಹೊಸ ವರ್ಷಕ್ಕೆ ಹನ್ನೆರಡನೆಯ ಚಿತ್ರ ಧಣಿಯ ಅಂಗಡಿಯಲ್ಲಿ ತೂಗಿತು. ಅದರಲ್ಲಿ ತೊಮೇಜಿ ಎಂದಿನ ಹಾಗೆ ಎಡಕ್ಕೆ ಹೊರಟಿದ್ದಾನೆ. ಕೊಂಡವರು ನೋಡಿ, ಎಷ್ಟು ದೂರದ ದಾರಿ ಎನ್ನುತ್ತಾರೆ. ಎನ್ನಲಿ.

ತೊಳೆದ ದಿನದ ಸಂಜೆ ನಾವಿಬ್ಬರೂ ರಿಕುವಿನ ಮನೆಗೆ ಹೋದೆವು. ಗುಡಿಯಿಂದ ತಂದ ಫಲಕ ಪೂಜೆಯ ಗೂಡಿನಲ್ಲಿತ್ತು, ಪಕ್ಕದಲ್ಲಿ ಆ ಒಂದೆಳೆ ಕೂದಲು. ಅವನು ಕೂರುವ ಜಾಗದಲ್ಲಿ ಮಣೆ ಇರಲಿಲ್ಲ. ರಿಕು ಗೂಡಿನ ಮುಂದೆ ಆವಿಯಾಡುವ ಅನ್ನದ ಬಟ್ಟಲು ಇಡುತ್ತಿದ್ದಳು. ಕುಮೆ ಅಭ್ಯಾಸಬಲದಿಂದ ಮುಚ್ಚಳ ಎತ್ತಿ ಅವಳ ಕೈಗೆ ಕೊಡಹೋದಳು.

"ಮುಚ್ಚಳ ಬೇಡ ಅಕ್ಕ," ರಿಕು ಅಂದಳು. "ಇನ್ನು ಹನಿ ನೋಡೋದೇನಿದೆ? ಮನೇಲೇ ಇದ್ದಾರಲ್ಲ."